ಹೊಸ ಫೈಟಿಂಗ್ ಗೇಮ್ ನಿಜಕ್ಕೂ ಹೊಸದಾ? ನಿಮ್ಮ ಬೆರಳಿಗೇ ಕೇಳಿ

ಯಾವುದೇ ಫೈಟಿಂಗ್ ಗೇಮ್‌ನ (ಇಬ್ಬರು ಎದುರುಬದುರು ನಿಂತು ಹೊಡೆದಾಡುವ ವಿಡಿಯೊ ಗೇಮ್) ಸೀಕ್ವೆಲ್, ಅಂದರೆ ಮುಂದಿನ ಭಾಗ, ಬರುತ್ತಿದೆ ಅಂದರೆ ಸಾಕು, ಅದೇ ಜಗಳ ಶುರು. ಒಬ್ಬರು "ಅದೇ ಹಳೇ ಗೇಮ್, ಸುಮ್ನೆ ಬಣ್ಣ ಬಳಿದಿದ್ದಾರೆ" ಅನ್ನುತ್ತಾರೆ. ಇನ್ನೊಬ್ಬರು "ಚೆನ್ನಾಗಿದ್ದದ್ದನ್ನೆಲ್ಲ ಕೆಡಿಸಿ ಇಟ್ಟರು" ಅನ್ನುತ್ತಾರೆ. ಒಂದೇ ಗೇಮ್ ಬಗ್ಗೆ ಈ ಎರಡೂ ಮಾತು ಒಂದೇ ದಿನ ಕೇಳಿಬರುತ್ತವೆ, ಅದೂ ಯಾರೂ ಇನ್ನೂ ಆಡಿಯೇ ಇರದ ದಿನ. ನಾನೂ ಎರಡೂ ಕಡೆ ನಿಂತು ಕೂಗಿದವನೇ, ಸುಳ್ಳು ಹೇಳುವುದಿಲ್ಲ. ಹತ್ತಾರು ಸಲ ಹೀಗೆ ಕೂಗಿ, ಆಮೇಲೆ ಗೇಮ್ ಆಡಿ, ನನ್ನ ಮಾತನ್ನು ನಾನೇ ವಾಪಸ್ ತಗೊಂಡ ಮೇಲೆ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಎರಡು ಬಟನ್‌ಗಳ ಕಥೆ ಕೇಳಿ. ಸ್ಟ್ರೀಟ್ ಫೈಟರ್‌ನಲ್ಲಿ ಮೀಡಿಯಂ ಪಂಚ್, ಮೀಡಿಯಂ ಕಿಕ್ ಎರಡನ್ನೂ ಒಟ್ಟಿಗೆ ಒತ್ತಿದರೆ ಏನಾಗುತ್ತದೆ? 1999ರ ಥರ್ಡ್ ಸ್ಟ್ರೈಕ್‌ನಲ್ಲಿ (ಸ್ಟ್ರೀಟ್ ಫೈಟರ್ 3ರ ಒಂದು ಪ್ರತಿ) ಕೂತು ಬ್ಲಾಕ್ ಮಾಡುವವರ, ಅಂದರೆ ಏಟು ತಡೆಯುವವರ, ತಲೆ ಮೇಲೆ ಬೀಳುವ ಒಂದು ಪುಟ್ಟ ಜಿಗಿತ. ಸ್ಟ್ರೀಟ್ ಫೈಟರ್ 4ರಲ್ಲಿ ಫೋಕಸ್ ಅಟ್ಯಾಕ್, ಅಂದರೆ ಎದುರಾಳಿಯ ಒಂದು ಏಟನ್ನು ಮೈಮೇಲೆ ತಗೊಂಡು ತಿರುಗಿ ಹೊಡೆಯುವುದು. 5ರಲ್ಲಿ ವಿ-ಸ್ಕಿಲ್ ಅನ್ನುವ ವಿಶೇಷ ವಿದ್ಯೆ, ಒಬ್ಬೊಬ್ಬ ಪಾತ್ರಕ್ಕೂ ಬೇರೆ ಬೇರೆ. 6ರಲ್ಲಿ ಡ್ರೈವ್ ಪ್ಯಾರಿ, ಅಂದರೆ ಬರುವ ಏಟನ್ನು ತಟ್ಟಿ ಹಾಕುವುದು. ಬಟನ್ ಅವೇ, ಬೆರಳೂ ಅವೇ, ಆದರೆ ನಾಲ್ಕು ಗೇಮ್‌ನಲ್ಲಿ ನಾಲ್ಕು ಕೆಲಸ. ಲೈಟ್ ಪಂಚ್, ಲೈಟ್ ಕಿಕ್ ಒಟ್ಟಿಗೆ ಒತ್ತಿದರೆ ಮಾತ್ರ ನಾಲ್ಕರಲ್ಲೂ ಥ್ರೋ, ಎದುರಾಳಿಯನ್ನು ಹಿಡಿದು ಎಸೆಯುವುದು. ಯಾವುದು ಬದಲಾಗಿದೆ, ಯಾವುದನ್ನು ಮುಟ್ಟಿಲ್ಲ ಅನ್ನುವುದು ಟ್ರೇಲರ್‌ಗಿಂತ ನಿಮ್ಮ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ. ನನ್ನ ಪದ್ಧತಿ ಪೂರ್ತಿ ನಿಂತಿರುವುದು ಇದರ ಮೇಲೆಯೇ.

ಮೊದಲು ಎಣಿಸುವುದನ್ನು ಬಿಡಿ

ಎಷ್ಟು ಜನ ಫೈಟರ್‌ಗಳು, ಎಷ್ಟು ಸ್ಟೇಜ್, ಗ್ರಾಫಿಕ್ಸ್ ಎಷ್ಟು ಮಿಂಚುತ್ತದೆ, ಇದೆಲ್ಲ ಪಕ್ಕಕ್ಕಿಡಿ. ಸ್ಟ್ರೀಟ್ ಫೈಟರ್ 5 ಬಂದಾಗ 16 ಪಾತ್ರ, 6 ಬಂದಾಗ 18. ಈ ಎರಡು ಸಂಖ್ಯೆ ನೋಡಿ ಯಾವುದು ಎಷ್ಟು ಹೊಸದು ಅಂತ ಹೇಳಿ ನೋಡೋಣ. ಆಗುವುದಿಲ್ಲ. ಕಿಂಗ್ ಆಫ್ ಫೈಟರ್ಸ್ ನೋಡಿ. 1994ರ ಮೊದಲ ಗೇಮ್‌ನಲ್ಲಿ ಮೂವರ ತಂಡಗಳು ಮೊದಲೇ ಗೊತ್ತಾಗಿದ್ದವು, ಕೊಟ್ಟ ತಂಡವನ್ನೇ ಆಡಬೇಕು. ಮರುವರ್ಷ 95ರಲ್ಲಿ ನಿಮಗೆ ಬೇಕಾದ ಮೂವರನ್ನು ಸೇರಿಸಿಕೊಂಡು ತಂಡ ಕಟ್ಟಬಹುದು ಅಂದರು. ಅಷ್ಟೇ. ಒಂದೇ ಒಂದು ಆಯ್ಕೆ, ಆದರೆ ಅದು ಹತ್ತು ಹೊಸ ಪಾತ್ರಕ್ಕಿಂತ ದೊಡ್ಡ ಬದಲಾವಣೆ, ಯಾಕೆಂದರೆ ಪಂದ್ಯ ಶುರುವಾಗುವ ಮುಂಚೆಯೇ ನೀವು ಯೋಚನೆ ಮಾಡುವ ರೀತಿ ಬೇರೆಯಾಯಿತು.

ಪಾತ್ರಗಳು ಮುಖ್ಯವೇ ಅಲ್ಲ ಅಂತಲ್ಲ. 1995ರ ಮಾರ್ಟಲ್ ಕಾಂಬ್ಯಾಟ್ 3ರಲ್ಲಿ ಸ್ಕಾರ್ಪಿಯನ್‌ನನ್ನೇ ಬಿಟ್ಟಿದ್ದರು. ಅದೇ ವರ್ಷ ಅಲ್ಟಿಮೇಟ್ ಅಂತ ಇನ್ನೊಂದು ಮಾಡಿ ವಾಪಸ್ ಕರೆತರಬೇಕಾಯಿತು. ನಿಮ್ಮ ಮೆಚ್ಚಿನ ಫೈಟರ್ ಇಲ್ಲ ಅಂದರೆ ಕೊಳ್ಳಬೇಡಿ, ಅದು ಸರಿಯಾದ ಕಾರಣವೇ. ಆದರೆ ಅದನ್ನು "ಹೊಸತನ ಇಲ್ಲ" ಅಂತ ಕರೆಯಬೇಡಿ.

ಇದು ನಿಜವಾದ ಸೀಕ್ವೆಲ್ಲಾ, ಇಲ್ಲ ತಿದ್ದಿದ ಪ್ರತಿಯಾ?

ಸ್ಟ್ರೀಟ್ ಫೈಟರ್ 2 ಬಂದದ್ದು 1991ರಲ್ಲಿ. 3 ಬಂದದ್ದು 1997ರಲ್ಲಿ. ನಡುವೆ ಸುಮ್ಮನೆ ಕೂತಿದ್ದರಾ? ಇಲ್ಲ. 92ರಲ್ಲಿ ಚಾಂಪಿಯನ್ ಎಡಿಷನ್ ಬಂತು. ನಾಲ್ಕು ಬಾಸ್‌ಗಳನ್ನು ನಾವೇ ಆಡುವಂತಾಯಿತು, ಇಬ್ಬರೂ ಒಂದೇ ಪಾತ್ರ ತಗೊಂಡು ಹೊಡೆದಾಡಲೂ ಬಂತು. ಅದೇ ವರ್ಷ ಹೈಪರ್ ಫೈಟಿಂಗ್, ವೇಗ ಜಾಸ್ತಿ. 93ರಲ್ಲಿ ಸೂಪರ್, ನಾಲ್ಕು ಹೊಸ ಪಾತ್ರ. 94ರಲ್ಲಿ ಸೂಪರ್ ಟರ್ಬೊ, ಸೂಪರ್ ಕಾಂಬೋ ಮೀಟರ್, ಅಂದರೆ ತುಂಬಿದಾಗ ಸೂಪರ್ ಅನ್ನುವ ದೊಡ್ಡ ಏಟು ಹಾಕಲು ಬಿಡುವ ಪಟ್ಟಿ. ಇವುಗಳ ಮೇಲೆ "ಮೂರರ ತನಕ ಎಣಿಸಲು ಬರುವುದಿಲ್ಲವಾ" ಅಂತ ಜನ ನಕ್ಕಿದ್ದರು. ಆದರೆ ಅದೇ ಸೂಪರ್ ಟರ್ಬೊವನ್ನು ಇವತ್ತಿಗೂ ಹುಡುಕಿಕೊಂಡು ಆಡುವವರಿದ್ದಾರೆ. ಥರ್ಡ್ ಸ್ಟ್ರೈಕ್ ಕೂಡ 3ರ ತಿದ್ದಿದ ಪ್ರತಿಯೇ, ಮೂಲವೂ ಸೇರಿ ಮೂರನೆಯದು.

ಹಾಗಾಗಿ ಕೈಗೆ ಬಂದ ಗೇಮ್ ಯಾವ ಜಾತಿಯದು ಅಂತ ಮೊದಲು ನೋಡಿಕೊಳ್ಳಿ. ತಿದ್ದಿದ ಪ್ರತಿಯಿಂದ ಹೊಸ ಲೋಕ ನಿರೀಕ್ಷೆ ಮಾಡಿದರೆ ಬೇಜಾರಾಗುವುದು ಖಂಡಿತ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಹಳೆಯದರಲ್ಲಿ ನನ್ನನ್ನು ಕಾಡುತ್ತಿದ್ದ ಮೂರು ತೊಂದರೆ ಯಾವುದು, ಅವು ಸರಿಯಾಗಿವೆಯಾ? ಇನ್ನೊಂದು, ದುಡ್ಡು ಯಾವ ಲೆಕ್ಕದಲ್ಲಿ ಕೇಳುತ್ತಿದ್ದಾರೆ ಅನ್ನುವುದು. ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್ 3 ಬಂದದ್ದು 2011ರ ಫೆಬ್ರವರಿ, ಅದರ ಅಲ್ಟಿಮೇಟ್ ಪ್ರತಿ ಬೇರೆ ಡಿಸ್ಕ್ ಆಗಿ ಬಂದದ್ದು ಅದೇ ನವೆಂಬರ್. ಜನ ಸಿಟ್ಟಾದದ್ದು ಗೇಮ್ ಕೆಟ್ಟದಾಗಿದೆ ಅಂತಲ್ಲ, ಒಂಬತ್ತೇ ತಿಂಗಳಲ್ಲಿ ಮತ್ತೆ ಜೇಬಿಗೆ ಕೈ ಹಾಕಿಸಿದರಲ್ಲ ಅಂತ.

ಈಗ ಆ ಕೆಲಸವನ್ನೆಲ್ಲ ಪ್ಯಾಚು (ಇಂಟರ್ನೆಟ್‌ನಲ್ಲಿ ಇಳಿಯುವ ತಿದ್ದುಪಡಿ), ಸೀಸನ್‌ಗಳು (ಕಾಲಕಾಲಕ್ಕೆ ಬರುವ ಕಂತು) ಮಾಡುತ್ತವೆ. ಅದರಿಂದ ಹೋಲಿಕೆ ಇನ್ನೂ ಕಷ್ಟವಾಗಿದೆ. ಸ್ಟ್ರೀಟ್ ಫೈಟರ್ 5 2016ರಲ್ಲಿ ಬಂದಾಗ ಆರ್ಕೇಡ್ ಮೋಡ್ (ಕಂಪ್ಯೂಟರ್ ಆಡಿಸುವ ಎದುರಾಳಿಗಳನ್ನು ಒಬ್ಬೊಬ್ಬರಾಗಿ ಎದುರಿಸುವುದು) ಕೂಡ ಇರಲಿಲ್ಲ, ಅದು ಸಿಕ್ಕಿದ್ದು 2018ರ ಜನವರಿಯಲ್ಲಿ. ಹೊಸ ಗೇಮ್‌ನ ಮೊದಲ ದಿನವನ್ನು ಹಳೇ ಗೇಮ್‌ನ ಕೊನೇ ದಿನದ ಜೊತೆ ಪಕ್ಕಪಕ್ಕ ಇಟ್ಟರೆ ಹೊಸದು ಯಾವಾಗಲೂ ಬಡಕಲಾಗಿಯೇ ಕಾಣುತ್ತದೆ. ನಾನು ಎರಡು ಲೆಕ್ಕ ಬೇರೆ ಬೇರೆ ಇಡುತ್ತೇನೆ. ಕೊಳ್ಳಬೇಕಾ ಬೇಡವಾ ಅನ್ನುವುದಕ್ಕೆ ಇವತ್ತು ಎರಡೂ ಹೇಗಿವೆ ಅಂತ ನೋಡುತ್ತೇನೆ. ಹೊಸತನ ಇದೆಯಾ ಅನ್ನುವುದಕ್ಕೆ ಹೊಡೆದಾಟದ ನಿಯಮಗಳನ್ನು ಮಾತ್ರ ನೋಡುತ್ತೇನೆ, ಮೋಡ್‌ಗಳನ್ನು ಅಲ್ಲ.

ಹಳೇ ಅಭ್ಯಾಸದ ಪರೀಕ್ಷೆ

ಇದು ಮುಖ್ಯ ಭಾಗ, ಸ್ವಲ್ಪ ಸಮಾಧಾನವಾಗಿ ಮಾಡಿ. ಹಳೇ ಗೇಮ್‌ನಲ್ಲಿ ಆಡುತ್ತಿದ್ದ ಪಾತ್ರವನ್ನೇ ತಗೊಳ್ಳಿ. ಅದು ಇಲ್ಲದಿದ್ದರೆ ಹತ್ತಿರದ ಶೈಲಿಯದು. ಟ್ಯುಟೋರಿಯಲ್ ಮಾಡಬೇಡಿ, ಯಾರ ಗೈಡೂ ನೋಡಬೇಡಿ, ಟ್ರೇನಿಂಗ್ ಮೋಡ್‌ಗೆ ಹತ್ತು ನಿಮಿಷ ಹೋಗಿ ಬಟನ್ ಎಲ್ಲೆಲ್ಲಿದೆ ಅಂತ ಮಾತ್ರ ನೋಡಿಕೊಂಡು ನೇರ ಪಂದ್ಯಕ್ಕೆ ಇಳಿಯಿರಿ. ಕಂಪ್ಯೂಟರ್ ಜೊತೆ ಅಲ್ಲ, ಮನುಷ್ಯರ ಜೊತೆ. ಹತ್ತು ಪಂದ್ಯ ಪೂರ್ತಿ ಹಳೇ ಗೇಮ್ ಆಡಿದ ಹಾಗೆಯೇ ಆಡಿ. ಅದೇ ದೂರದಲ್ಲಿ ನಿಲ್ಲುವುದು, ಅದೇ ಪೋಕ್ (ದೂರದಿಂದ ಚುಚ್ಚುವ ಪುಟ್ಟ ಏಟು), ಅದೇ ಜಂಪ್, ಅದೇ ಥ್ರೋ. ಸೋಲುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಸೋಲಬೇಕು ಅಂತಲೇ ಆಡುತ್ತಿರುವುದು.

ಆಮೇಲೆ ಕೂತು ರಿಪ್ಲೇ ನೋಡಿ, ಒಂದೊಂದು ಸೋಲಿಗೂ ಕಾರಣ ಬರೆಯಿರಿ. ಕಾರಣ ಎರಡೇ ಬಗೆ. ಒಂದು, "ಅವರ ಕೈ ನನಗಿಂತ ಚುರುಕಿತ್ತು." ಎರಡು, "ನಾನು ಮಾಡಿದ್ದು ಹಳೇ ಗೇಮ್‌ನಲ್ಲಿ ಸರಿ, ಇಲ್ಲಿ ತಪ್ಪು." ಎರಡನೇ ಬಗೆಯದು ಎಷ್ಟು ಸಿಕ್ಕುತ್ತದೋ ಸೀಕ್ವೆಲ್ ಅಷ್ಟು ಹೊಸದು. ಹತ್ತರಲ್ಲಿ ಒಂದೂ ಎರಡನೇ ಬಗೆಯದಿಲ್ಲ, ಹಳೇ ಬುದ್ಧಿಯಲ್ಲೇ ಗೆದ್ದುಕೊಂಡು ಬಂದಿರಿ ಅಂದರೆ ಆ ಗೇಮ್‌ದು ಬೆಟ್ಟ ಅಗೆದು ಇಲಿ ಹಿಡಿದ ಕಥೆ.

ನನ್ನದೇ ಒಂದು ಸೋಲು ಹೇಳುತ್ತೇನೆ. ಸ್ಟ್ರೀಟ್ ಫೈಟರ್ 6 ಹಾಕಿದ ಮೊದಲ ಸಂಜೆ ನನ್ನ ಹಳೇ ಚಾಳಿಯಂತೆ ಮೂಲೆಯಲ್ಲಿ ಕೂತು ಬ್ಲಾಕ್ ಮಾಡುತ್ತಿದ್ದೆ. ಎದುರಾಳಿ ದಣಿದು ತಪ್ಪು ಮಾಡುವ ತನಕ ಕಾಯುವುದು, ಸಿಕ್ಕಿದಾಗ ಹೊಡೆಯುವುದು, ಇದು ವರ್ಷಗಟ್ಟಲೆ ನನಗೆ ಅನ್ನ ಹಾಕಿದ ಉಪಾಯ. ಇಲ್ಲಿ ನಾನು ಬ್ಲಾಕ್ ಮಾಡಿದಷ್ಟೂ ಲೈಫ್ ಕೆಳಗಿನ ಹಸಿರು ಗೇಜ್ ಕರಗುತ್ತಾ ಹೋಯಿತು. ನಾನು ಅದನ್ನು ನೋಡಲೇ ಇಲ್ಲ. ಅದು ಖಾಲಿಯಾಗಿ ನನ್ನ ಪಾತ್ರ ಬೂದು ಬಣ್ಣಕ್ಕೆ ತಿರುಗಿತು, ಅವನು ಡ್ರೈವ್ ಇಂಪ್ಯಾಕ್ಟ್ ಅನ್ನುವ ಭಾರೀ ಹೊಡೆತ ಹಾಕಿದ, ನಾನು ಸರಿಯಾಗಿಯೇ ಬ್ಲಾಕ್ ಮಾಡಿದೆ, ಬ್ಲಾಕ್ ಮಾಡಿಯೂ ಗೋಡೆಗೆ ಬಡಿದು ತಲೆ ಸುತ್ತಿ ನಿಂತೆ. ಮಿಕ್ಕಿದ್ದನ್ನು ವಿವರಿಸಬೇಕಾಗಿಲ್ಲ.

ಇದರಲ್ಲಿ ಹೊಸದು ಏನು ಅಂತ ನಿಧಾನವಾಗಿ ಬಿಡಿಸಿ ನೋಡಿ. ಹಿಂದಿನ ಗೇಮ್‌ಗಳಲ್ಲಿ ಮೀಟರ್ ಅನ್ನುವುದು ಖಾಲಿಯಿಂದ ಶುರುವಾಗಿ ತುಂಬುವ ಸಂಬಳದ ಹಾಗೆ. ಏಟು ಕೊಟ್ಟು, ಏಟು ತಿಂದು ಗಳಿಸಬೇಕು. 6ರ ಡ್ರೈವ್ ಗೇಜ್ ಪ್ರತಿ ರೌಂಡಿಗೂ ಆರು ಭಾಗ ಪೂರ್ತಿ ತುಂಬಿಕೊಂಡೇ ಬರುತ್ತದೆ. ನೀವು ಕಲಿಯಬೇಕಾದದ್ದು ಖರ್ಚು ಮಾಡುವುದನ್ನು. ಡ್ರೈವ್ ಇಂಪ್ಯಾಕ್ಟ್‌ಗೆ ಒಂದು, ಓವರ್‌ಡ್ರೈವ್ ಮೂವ್‌ಗೆ (ಬಲ ಹೆಚ್ಚಿಸಿದ ವಿಶೇಷ ಏಟು) ಎರಡು, ಹೊಡೆತದ ನಡುವೆ ಡ್ರೈವ್ ರಷ್ (ಮುಂದಕ್ಕೆ ನುಗ್ಗುವುದು) ಮಾಡಿದರೆ ಮೂರು. ಜೊತೆಗೆ ಬ್ಲಾಕ್ ಮಾಡಿದರೂ ಹೋಗುತ್ತದೆ. ಪೂರ್ತಿ ಮುಗಿದರೆ ಬರ್ನ್‌ಔಟ್, ತಾನಾಗಿ ತುಂಬುವ ತನಕ ಒದ್ದಾಡಬೇಕು. ಮೇಲ್ನೋಟಕ್ಕೆ ಇದು ಇನ್ನೊಂದು ಮೀಟರ್ ಅಷ್ಟೇ. ಆದರೆ "ಬ್ಲಾಕ್ ಮಾಡಿದರೆ ನಷ್ಟವಿಲ್ಲ" ಅನ್ನುವ ಬಹಳ ಹಳೇ ನಂಬಿಕೆಯನ್ನೇ ಇದು ಅಲುಗಾಡಿಸಿತು. ನನ್ನ ಪ್ರಕಾರ ಹೊಸತನ ಅಂದರೆ ಇದು.

ಇನ್ನೊಂದು ಕಡೆ ಟೆಕ್ಕನ್ 8 ನೋಡಿ, 2024ರ ಜನವರಿಯದು. 7ರಿಂದ ಬಂದವರ ಕೈಗೆ ಅಷ್ಟೇನೂ ಗೊಂದಲ ಆಗುವುದಿಲ್ಲ. ಬ್ಯಾಕ್‌ಡ್ಯಾಶ್ (ಥಟ್ಟನೆ ಹಿಂದಕ್ಕೆ ಸರಿಯುವುದು) ಅದೇ, 10 ಫ್ರೇಮ್‌ನ (ಫ್ರೇಮ್ ಅಂದರೆ ಸೆಕೆಂಡಿನ ಅರವತ್ತನೇ ಒಂದು ಪಾಲು) ಜ್ಯಾಬ್ ಹಾಕಿ ಎದುರಾಳಿಯ ತಪ್ಪಿಗೆ ಶಿಕ್ಷೆ ಕೊಡುವುದು ಅದೇ, ಹಳೇ ಪಾತ್ರಗಳ ಎಷ್ಟೋ ಮೂವ್‌ಗಳು ಹಾಗೇ ಕೂತಿವೆ. ಆದರೆ ಹೀಟ್ ಅನ್ನುವುದು, ಸ್ವಲ್ಪ ಹೊತ್ತು ಪಾತ್ರದ ಬಲ ಹೆಚ್ಚಿಸುವ ಸ್ಥಿತಿ, ಬಂದಿದೆ. ಅದು ಹತ್ತಿದ ಕೆಲವೇ ಕ್ಷಣಗಳಲ್ಲಿ ಎದುರಾಳಿ ಮೇಲೆ ಬಿದ್ದು ಒತ್ತಡ ಹಾಕಬೇಕು, ಆಗ ಬ್ಲಾಕ್ ಮಾಡಿದರೂ ಲೈಫ್ ಸೋರುತ್ತದೆ. ಕಳೆದುಕೊಂಡ ಲೈಫ್‌ನಲ್ಲಿ ಒಂದು ಪಾಲನ್ನು ತಿರುಗಿ ಹೊಡೆದು ವಾಪಸ್ ಪಡೆಯಬಹುದು. ಹಿಂದಕ್ಕೆ ಸರಿದು ಕಾದು ಆಡುವವರಿಗೆ ಇದು ಹಿಡಿಸಲಿಲ್ಲ. ನನ್ನ ಪಟ್ಟಿಯಲ್ಲಿ ಟೆಕ್ಕನ್ 8 ಅರ್ಧ ಹೊಸದು. ಕೈ ಹಳೇದು, ತಲೆ ಹೊಸದು. ಒಪ್ಪದಿದ್ದರೆ ಬಿಡಿ, ನಿಮ್ಮ ಹತ್ತು ಪಂದ್ಯದ ಪಟ್ಟಿ ಬೇರೆ ಹೇಳಬಹುದು.

ಎಲ್ಲಿ ನೋಡಬೇಕು: ಹೊಡೆಯುವವನಲ್ಲಿ ಅಲ್ಲ, ತಡೆಯುವವನಲ್ಲಿ

ಹೊಸ ಗೇಮ್ ಮಾರುವವರು ಯಾವಾಗಲೂ ಹೊಡೆತ ತೋರಿಸುತ್ತಾರೆ. ಮೂಳೆ ಮುರಿಯುವ ಎಕ್ಸ್-ರೇ, ಕ್ಯಾಮೆರಾ ಸುತ್ತುವ ರೇಜ್ ಆರ್ಟ್, ಲೈಫ್ ಕಡಿಮೆಯಾದಾಗ ಸಿಗುವ ಫೇಟಲ್ ಬ್ಲೋ. ಚೆನ್ನಾಗಿರುತ್ತವೆ, ಮೊದಲ ಇಪ್ಪತ್ತು ಸಲ. ಆಮೇಲೆ ಆ ದೃಶ್ಯ ಮುಗಿಯುವ ತನಕ ನೀರು ಕುಡಿದು ಬರಬಹುದು. ಇಂಥದ್ದು ಎಷ್ಟೇ ಸೇರಿಸಿದರೂ ಪಂದ್ಯದ ಯೋಚನೆ ಬದಲಾಗುವುದು ಕಡಿಮೆ. ಸೋಲುತ್ತಿರುವವನ ಕೈಗೆ ಒಂದು ದೊಡ್ಡ ಕಲ್ಲು ಕೊಟ್ಟ ಹಾಗೆ, ಅಷ್ಟೇ.

ತಡೆಯುವವನಿಗೆ ಏನು ಹೊಸದಾಗಿ ಕೊಟ್ಟಿದ್ದಾರೆ ಅಂತ ನೋಡಿ. 1997ರ ಸ್ಟ್ರೀಟ್ ಫೈಟರ್ 3ರಲ್ಲಿ ಹಳಬರ ಪೈಕಿ ರ್ಯೂ, ಕೆನ್ ಬಿಟ್ಟು ಬೇರೆ ಯಾರೂ ಇರಲಿಲ್ಲ, ಅದಕ್ಕೇ ಬೈದವರು ಬಹಳ. ಆದರೆ ಆ ಗೇಮ್‌ನ ನಿಜವಾದ ಧೈರ್ಯ ಪ್ಯಾರಿ. ಏಟು ಬರುವ ಕ್ಷಣಕ್ಕೆ ಸರಿಯಾಗಿ ಸ್ಟಿಕ್ಕನ್ನು ಹಿಂದಕ್ಕೆ ಎಳೆಯುವ ಬದಲು ಮುಂದಕ್ಕೆ ತಟ್ಟಬೇಕು, ಕೆಳಗಿನ ಏಟಿಗೆ ಕೆಳಕ್ಕೆ ತಟ್ಟಬೇಕು. ಸರಿ ಹೋದರೆ ಒಂದು ಚೂರೂ ಲೈಫ್ ಹೋಗದೆ ತಿರುಗಿ ಹೊಡೆಯಬಹುದು, ತಪ್ಪಿದರೆ ಏಟು ಪೂರ್ತಿ ಮೈಮೇಲೆ. ಅಷ್ಟು ವರ್ಷ ಹಿಂದಕ್ಕೆ ಎಳೆದೇ ಬದುಕಿದ ಕೈಗಳಿಗೆ ಏಟು ಬರುವಾಗ ಮುಂದಕ್ಕೆ ತಟ್ಟು ಅಂದರೆ ಹೇಗಾಗಬೇಡ! 2004ರ ಇವೋ ಪಂದ್ಯಾವಳಿಯಲ್ಲಿ, ಇದೇ ಗೇಮ್‌ನ ಥರ್ಡ್ ಸ್ಟ್ರೈಕ್ ಪ್ರತಿಯಲ್ಲಿ, ಡೈಗೊ ಉಮೆಹರಾ ಆಡುತ್ತಿದ್ದ ಕೆನ್‌ಗೆ ಒಂದು ಎಳೆಯಷ್ಟು ಲೈಫ್ ಉಳಿದಿತ್ತು, ಬ್ಲಾಕ್ ಮಾಡಿದರೂ ಸಾಯುತ್ತಿದ್ದ. ಜಸ್ಟಿನ್ ವಾಂಗ್ ಆಡುತ್ತಿದ್ದ ಚುನ್-ಲಿಯ ಸೂಪರ್ ಅನ್ನು ಪ್ರತಿ ಏಟಿಗೂ ಪ್ಯಾರಿ ಮಾಡಿ, ತಿರುಗಿ ಹೊಡೆದು ಗೆದ್ದ. ಆ ವಿಡಿಯೊ ನೋಡದ ಫೈಟಿಂಗ್ ಗೇಮ್ ಆಟಗಾರ ಸಿಗುವುದು ಕಷ್ಟ. ಗೇಮ್ ಬಂದು ಏಳು ವರ್ಷದ ಮೇಲೆ ಅದರ ಹೊಸತನದ ಬೆಲೆ ಎಲ್ಲರಿಗೂ ಕಣ್ಣಿಗೆ ಕಟ್ಟಿತು.

ಪ್ಯಾರಿಯ ಮುಂದಿನ ಪ್ರಯಾಣವೂ ಮಜವಾಗಿದೆ. 5ರಲ್ಲಿ ಅದು ರ್ಯೂ ಒಬ್ಬನ ವಿ-ಸ್ಕಿಲ್ ಆಯಿತು. 6ರಲ್ಲಿ ಎಲ್ಲರಿಗೂ ಕೊಟ್ಟರು, ಬಟನ್ ಒತ್ತಿ ಹಿಡಿದರೆ ಸಾಕು ಅನ್ನುವಷ್ಟು ಸುಲಭ ಮಾಡಿ, ಜೊತೆಗೆ ಡ್ರೈವ್ ಗೇಜ್‌ನ ಖರ್ಚು ಹಾಕಿದರು, ಪ್ಯಾರಿ ಹಿಡಿದಿರುವಾಗ ಎದುರಾಳಿ ಥ್ರೋ ಮಾಡಿದರೆ ಏಟು ಇನ್ನೂ ಜೋರಾಗಿ ಬೀಳುವಂತೆಯೂ ಇಟ್ಟರು. ಹಳೇ ಐಡಿಯಾ ಹೊಸ ಬೆಲೆ ಕಟ್ಟಿಸಿಕೊಂಡು ಬಂದರೆ ಅದೂ ಹೊಸತನವೇ, ನನ್ನ ಲೆಕ್ಕದಲ್ಲಿ.

ತಡೆ ನೋಡಿದ ಮೇಲೆ ಕಾಲು ನೋಡಿ, ಅಂದರೆ ಓಡಾಟ. ಟೆಕ್ಕನ್ 3ರಲ್ಲಿ ಎಲ್ಲ ಪಾತ್ರಗಳಿಗೂ ಸೈಡ್‌ಸ್ಟೆಪ್ ಬಂತು, ಮಾರ್ಟಲ್ ಕಾಂಬ್ಯಾಟ್ 3ರಲ್ಲಿ ಓಡುವುದಕ್ಕೆ ಬೇರೆ ಬಟನ್, 1998ರ ಸೋಲ್‌ಕ್ಯಾಲಿಬರ್‌ನಲ್ಲಿ ಎಂಟೂ ದಿಕ್ಕಿಗೆ ಓಡಾಟ. ಇಂಥದ್ದು ಟ್ರೇಲರ್‌ನಲ್ಲಿ ಕಾಣುವುದೇ ಇಲ್ಲ, ಕೈಯಲ್ಲಿ ಮೊದಲ ನಿಮಿಷಕ್ಕೇ ಗೊತ್ತಾಗುತ್ತದೆ.

ಮಾರ್ಟಲ್ ಕಾಂಬ್ಯಾಟ್ ಮಾತು ಬಂತಲ್ಲ, ಒಂದು ಗಮನಿಸಿದ್ದೀರಾ? 2015ರ ಮಾರ್ಟಲ್ ಕಾಂಬ್ಯಾಟ್ ಎಕ್ಸ್‌ನಲ್ಲಿ ಒಬ್ಬೊಬ್ಬ ಪಾತ್ರಕ್ಕೆ ಮೂರು ವೇರಿಯೇಷನ್ (ಮೂವ್‌ಗಳ ಬೇರೆ ಬೇರೆ ಕಟ್ಟು), 2019ರ 11ರಲ್ಲಿ ಮೂವ್‌ಗಳನ್ನು ನಾವೇ ಜೋಡಿಸಿಕೊಳ್ಳುವುದು, 2023ರ ಗೇಮ್‌ನಲ್ಲಿ ಪಕ್ಕದಿಂದ ಬಂದು ಸಹಾಯ ಮಾಡುವ ಕ್ಯಾಮಿಯೊ ಫೈಟರ್‌ಗಳು. ಪ್ರತಿ ಸಲ ಒಂದು ದೊಡ್ಡ ವಿಷಯ ತರುತ್ತಾರೆ, ಮುಂದಿನ ಸಲ ಅದನ್ನು ಕೈಬಿಡುತ್ತಾರೆ. ಬ್ಲಾಕ್ ಬಟನ್ ಮಾತ್ರ 1992ರಿಂದ ಅಲ್ಲಾಡಿಲ್ಲ. ಇದು ಹೊಸತನವೋ, ಬಟ್ಟೆ ಬದಲಾಯಿಸುವುದೋ, ನನಗೆ ಇನ್ನೂ ಅರ್ಧಂಬರ್ಧ ಅನುಮಾನ.

ಹೊಸದು, ಒಳ್ಳೆಯದು: ಎರಡು ಬೇರೆ ಕಾಲಂ

ಇಲ್ಲಿ ಬಹಳ ಜನ ಎಡವುತ್ತಾರೆ. ಹೊಸತನ ಇದೆ ಅಂದ ಮಾತ್ರಕ್ಕೆ ಗೇಮ್ ಚೆನ್ನಾಗಿದೆ ಅಂತ ಅಲ್ಲ. ನೀವು ಬರೆದುಕೊಳ್ಳುವ ಹಾಳೆಯಲ್ಲಿ ಎರಡೂ ಬೇರೆ ಬೇರೆ ಇರಲಿ.

1996ರ ವರ್ಚುವಾ ಫೈಟರ್ 3 ಏರುಪೇರು ನೆಲ ತಂತು, ಪಕ್ಕಕ್ಕೆ ತಪ್ಪಿಸಿಕೊಳ್ಳಲು ನಾಲ್ಕನೇ ಬಟನ್ ತಂತು. 2001ರ ವರ್ಚುವಾ ಫೈಟರ್ 4 ಎರಡನ್ನೂ ತೆಗೆದು ಹಾಕಿತು. ಅದೇ 2001ರಲ್ಲಿ ಟೆಕ್ಕನ್ 4 ಗೋಡೆ ತಂತು, ಏರುಪೇರು ನೆಲ ತಂತು. ಟೆಕ್ಕನ್ 3 ಪ್ರೀತಿಸಿದವರು ಮೂಗು ಮುರಿದರು. 2004ರ ಟೆಕ್ಕನ್ 5 ಮತ್ತೆ 3ರ ಹಾದಿಗೆ ಹೊರಳಿತು. ಹಾಗಾದರೆ ಆ ಎರಡು ಗೇಮ್‌ಗಳ ಹೊಸತನ ದಂಡವಾಯಿತಾ? ಸ್ವಲ್ಪ ನಿಧಾನವಾಗಿ ನೋಡಿ. ಟೆಕ್ಕನ್ 5ರಲ್ಲಿ ನೆಲ ಸಮತಟ್ಟಾಯಿತು, ಗೋಡೆ ಉಳಿಯಿತು, ಇವತ್ತು ಗೋಡೆ ಇಲ್ಲದ ಟೆಕ್ಕನ್ ಊಹಿಸಿಕೊಳ್ಳುವುದೂ ಕಷ್ಟ. ವರ್ಚುವಾ ಫೈಟರ್ 4ರಲ್ಲಿ ನಾಲ್ಕನೇ ಬಟನ್ ಹೋಯಿತು, ಆದರೆ ಪಕ್ಕಕ್ಕೆ ತಪ್ಪಿಸಿಕೊಳ್ಳುವುದು ಹೋಗಲಿಲ್ಲ, ಸ್ಟಿಕ್ಕನ್ನು ಮೇಲೆ ಕೆಳಗೆ ತಟ್ಟಿದರೆ ಆಗುವಂತೆ ಮಾಡಿದರು. ಬೈಸಿಕೊಂಡ ಗೇಮ್‌ನ ಐಡಿಯಾ ಮುಂದಿನ ಗೇಮ್‌ನಲ್ಲಿ ಹೊಗಳಿಸಿಕೊಳ್ಳುತ್ತದೆ. ಹಾಗಾಗಿ ಯಾವುದನ್ನು ಬೈದಿದ್ದೀರಿ ಅಂತ ಬರೆದಿಟ್ಟುಕೊಳ್ಳಿ, ಇನ್ನೊಂದು ಸೀಕ್ವೆಲ್ ಬಂದಾಗ ತೆಗೆದು ನೋಡಿದರೆ ನಗು ಬರುತ್ತದೆ.

ತೆಗೆದು ಹಾಕಿದ್ದನ್ನೂ ಲೆಕ್ಕಕ್ಕೆ ತಗೊಳ್ಳಿ. 2008ರ ಸ್ಮ್ಯಾಶ್ ಬ್ರೋಸ್ ಬ್ರಾಲ್‌ನಲ್ಲಿ ಏರ್ ಡಾಡ್ಜ್ (ಗಾಳಿಯಲ್ಲಿ ಏಟು ತಪ್ಪಿಸಿಕೊಳ್ಳುವುದು) ಬದಲಾಯಿಸಿದರು, ಹಿಂದಿನ ಗೇಮ್ ಆದ 2001ರ ಮೆಲೀಯಲ್ಲಿ ಆಟಗಾರರು ಕಂಡುಕೊಂಡಿದ್ದ ವೇವ್‌ಡ್ಯಾಶ್ (ನೆಲದ ಮೇಲೆ ಜಾರುವ ಉಪಾಯ) ಅದರಿಂದ ಮಾಯವಾಯಿತು. ಅದು ಸಾಲದು ಅಂತ ಓಡುವಾಗ ಪಾತ್ರಗಳು ಆಗಾಗ ತಾವಾಗಿ ಎಡವಿ ಬೀಳುವಂತೆ ಮಾಡಿದರು. ಎಡವುವುದೂ ಹೊಸತನವೇ, ಅಲ್ವಾ? ಯಾರೂ ಕೇಳಿರಲಿಲ್ಲ, ಅಷ್ಟೇ. ಮುಂದಿನ ಗೇಮ್‌ನಲ್ಲಿ ಅದನ್ನು ತೆಗೆದರು. ಮೆಲೀ ಆಡುವವರು ಮೆಲೀಯಲ್ಲೇ ಉಳಿದರು, ಇವತ್ತಿಗೂ ಇದ್ದಾರೆ. 2021ರ ಗಿಲ್ಟಿ ಗಿಯರ್ ಸ್ಟ್ರೈವ್‌ನಲ್ಲಿ ಕೂಡ ಬಟನ್‌ನಿಂದ ಬಟನ್‌ಗೆ ಸರಾಗವಾಗಿ ಹರಿಯುತ್ತಿದ್ದ ಹಳೇ ಗ್ಯಾಟ್ಲಿಂಗ್ ಸರಪಳಿಗಳನ್ನು ಬಹಳಷ್ಟು ಕತ್ತರಿಸಿದರು. ನನಗೆ ಮೊದಲು ಕೈ ಕಟ್ಟಿದ ಹಾಗಾಯಿತು. ಆಮೇಲೆ ಒಂದೊಂದು ಏಟೂ ತೂಕದ್ದು ಅನ್ನಿಸತೊಡಗಿತು, ಕಾಂಬೋ (ತಪ್ಪಿಸಿಕೊಳ್ಳಲು ಬಿಡದೆ ಒಂದರ ಹಿಂದೊಂದು ಬೀಳುವ ಏಟುಗಳು) ಚಿಕ್ಕದಾದ್ದರಿಂದ ಕಾದು ನಿಂತು ಅಳೆಯುವ ಹೊತ್ತು ಜಾಸ್ತಿಯಾಯಿತು. ತೆಗೆಯುವುದರಿಂದಲೂ ಹೊಸದು ಹುಟ್ಟುತ್ತದೆ.

ಸುಲಭ ಮಾಡುವುದರ ಬಗ್ಗೆಯೂ ಇದೇ ಮಾತು. ಸ್ಟ್ರೀಟ್ ಫೈಟರ್ 4ರಲ್ಲಿ 1 ಫ್ರೇಮ್ ಲಿಂಕ್‌ಗಳಿದ್ದವು, ಲಿಂಕ್ ಅಂದರೆ ಒಂದು ಏಟು ಮುಗಿದ ಕೂಡಲೇ ಇನ್ನೊಂದನ್ನು ಜೋಡಿಸುವುದು. ಗೇಮ್ ಓಡುವುದು ಸೆಕೆಂಡಿಗೆ 60 ಫ್ರೇಮ್, ಅಂದರೆ ಸೆಕೆಂಡಿನ ಅರವತ್ತನೇ ಒಂದು ಪಾಲಿನಲ್ಲಿ ಬಟನ್ ಬೀಳಬೇಕು. 5ರಲ್ಲಿ ಲಿಂಕ್‌ಗಳನ್ನು ಸಡಿಲ ಮಾಡಿದರು. 6ರಲ್ಲಿ ಮಾಡರ್ನ್ ಕಂಟ್ರೋಲ್ ಕೊಟ್ಟರು, ಒಂದು ಬಟನ್, ಒಂದು ದಿಕ್ಕು ಒತ್ತಿದರೆ ಸ್ಪೆಷಲ್ ಬರುತ್ತದೆ, ಡ್ಯಾಮೇಜ್ ಸ್ವಲ್ಪ ಕಡಿಮೆ. ಇದನ್ನು ಮಕ್ಕಳಾಟ ಅಂತ ಬೈಯುವವರ ಪೈಕಿ ನಾನೂ ಇದ್ದೆ. ಜಂಪ್ ಮಾಡಿದ ತಕ್ಷಣ ಮಾಡರ್ನ್ ಆಡುವವನೊಬ್ಬ ಒಂದೇ ಬಟನ್‌ನಲ್ಲಿ ನನ್ನನ್ನು ಪ್ರತಿ ಸಲ ಗಾಳಿಯಲ್ಲೇ ಹೊಡೆದು ಕೆಡವಿದ ಮೇಲೆ ಬಾಯಿ ಮುಚ್ಚಿದೆ. ಜಂಪ್ ಅನ್ನುವುದರ ಬೆಲೆಯೇ ಏರಿಬಿಟ್ಟಿತ್ತು, ಆಡುವ ರೀತಿ ಬದಲಾಯಿಸಲೇ ಬೇಕಾಯಿತು.

ಹೊಡೆದಾಟದ ಹೊರಗೆ ನೋಡುವ ಒಂದೇ ವಿಷಯ

ಮೋಡ್‌ಗಳು, ಕಥೆ, ಬಟ್ಟೆ ಬದಲಾಯಿಸುವುದು ಇವನ್ನೆಲ್ಲ ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ ಅಂದೆನಲ್ಲ, ನೆಟ್‌ಕೋಡ್, ಅಂದರೆ ಇಂಟರ್ನೆಟ್‌ನಲ್ಲಿ ಇಬ್ಬರನ್ನು ಆಡಿಸುವ ವ್ಯವಸ್ಥೆ, ಅದನ್ನು ಮಾತ್ರ ಬಿಡುವುದಿಲ್ಲ. ಹಳೇ ರೀತಿಯಲ್ಲಿ ಆ ಕಡೆಯವರ ಬಟನ್ ನಿಮ್ಮ ಯಂತ್ರಕ್ಕೆ ತಲುಪುವ ತನಕ ನಿಮ್ಮ ಬಟನ್ ಕೂಡ ಕಾಯುತ್ತಿತ್ತು. ದೂರ ಜಾಸ್ತಿಯಾದಷ್ಟೂ ಜೇನುತುಪ್ಪದಲ್ಲಿ ಕೈ ಆಡಿಸಿದ ಹಾಗೆ. ರೋಲ್‌ಬ್ಯಾಕ್ ಅನ್ನುವ ಇನ್ನೊಂದು ರೀತಿಯಲ್ಲಿ ಗೇಮ್ ಕಾಯುವುದಿಲ್ಲ, ಅವರು ಏನು ಒತ್ತಿರಬಹುದು ಅಂತ ಊಹಿಸಿಕೊಂಡು ಮುಂದೆ ಹೋಗುತ್ತದೆ, ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ಸರಿ ಮಾಡಿಕೊಳ್ಳುತ್ತದೆ. ಇದನ್ನು ಜಿಜಿಪಿಒ ಅನ್ನುವ ಹೆಸರಿನಲ್ಲಿ ಟೋನಿ ಕ್ಯಾನನ್ 2006ರಲ್ಲೇ ಮಾಡಿ ತೋರಿಸಿದ್ದರು. ದೊಡ್ಡ ದೊಡ್ಡ ಗೇಮ್‌ಗಳು ಅದನ್ನು ಕಲಿಯಲು ತಗೊಂಡ ಕಾಲ ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಪಕ್ಕದಲ್ಲಿ ಕೂತವರ ಜೊತೆ ಐದು ಪಂದ್ಯ, ಬಹಳ ದೂರದವರ ಜೊತೆ ಐದು ಪಂದ್ಯ. ಪಕ್ಕದವರ ಜೊತೆ ಕೂರುವ ಕಾಂಬೋ ದೂರದವರ ಜೊತೆಯೂ ಕೈಗೆ ಕೂರಬೇಕು. ಕೂರದಿದ್ದರೆ ಆ ಸೀಕ್ವೆಲ್‌ನ ಮಿಕ್ಕ ಹೊಸತನವನ್ನು ಅನುಭವಿಸಲು ನಿಮಗೆ ಅವಕಾಶವೇ ಇಲ್ಲ. ಇಲ್ಲಿ ಒಂದು ತಿರುವೂ ಇದೆ. ಗಿಲ್ಟಿ ಗಿಯರ್‌ನ ಹಳೇ ಆಕ್ಸೆಂಟ್ ಕೋರ್ ಪ್ಲಸ್ ಆರ್‌ಗೆ 2020ರಲ್ಲಿ ರೋಲ್‌ಬ್ಯಾಕ್ ಹಾಕಿದರು, ಸತ್ತಂತಿದ್ದ ಗೇಮ್‌ಗೆ ಮತ್ತೆ ಜನ ಬಂದರು. ಕೆಲವು ಸಲ ನಿಮಗೆ ಬೇಕಿರುವುದು ಸೀಕ್ವೆಲ್ ಅಲ್ಲ, ಹಳೇ ಗೇಮ್‌ಗೆ ಒಂದು ಒಳ್ಳೆಯ ತಂತಿ.

ಯಾವಾಗ ತೀರ್ಪು ಕೊಡಬೇಕು

ಮೊದಲ ವಾರ ಬೇಡ. ಗೇಮ್ ಮಾಡಿದವರಿಗೇ ತಮ್ಮ ಗೇಮ್‌ನಲ್ಲಿ ಏನಿದೆ ಅಂತ ಪೂರ್ತಿ ಗೊತ್ತಿರುವುದಿಲ್ಲ. ಸ್ಟ್ರೀಟ್ ಫೈಟರ್ 2ರಲ್ಲಿ ಒಂದು ಏಟಿನಿಂದ ಇನ್ನೊಂದಕ್ಕೆ ಕಾಂಬೋ ಆಗುವುದು ಯೋಜನೆ ಮಾಡಿ ಇಟ್ಟದ್ದಲ್ಲ. ಮಾಡುವಾಗ ಕಣ್ಣಿಗೆ ಬಿತ್ತು, ಇರಲಿ ಬಿಡು ಅಂತ ಬಿಟ್ಟರು. ಇವತ್ತು ಕಾಂಬೋ ಇಲ್ಲದ ಫೈಟಿಂಗ್ ಗೇಮ್ ಇದೆಯಾ? ಹೊಸತನದ ದೊಡ್ಡ ಪಾಲು ಆಟಗಾರರು ಅಗೆದು ತೆಗೆಯುವಂಥದ್ದು, ಅದಕ್ಕೆ ತಿಂಗಳುಗಳು ಬೇಕು. ಹತ್ತು ಪಂದ್ಯದ ಪಟ್ಟಿಯನ್ನು ಒಂದು ತಿಂಗಳ ಮೇಲೆ ಇನ್ನೊಮ್ಮೆ ಮಾಡಿ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಬರೀ ಕಣ್ಣಿಗೆ ಹೊಸದಾಗಿದ್ದದ್ದು ಉದುರಿ ಹೋಗಿರುತ್ತದೆ.

ನೀವು ಈ ಸರಣಿಗೇ ಹೊಸಬರಾಗಿದ್ದರೆ ಇದ್ಯಾವುದೂ ಬೇಡ, ಕೈಗೆ ಹಿಡಿಸಿದ್ದನ್ನು ಆಡಿ.

ಕೊನೇ ಪರೀಕ್ಷೆಗೆ ಹಳೇ ಗೇಮ್ ಬೇಕು, ಅದನ್ನು ಅಳಿಸಬೇಡಿ. ಹೊಸದನ್ನು ಒಂದೆರಡು ತಿಂಗಳು ಆಡಿದ ಮೇಲೆ ಒಂದು ಸಂಜೆ ಹಳೆಯದಕ್ಕೆ ವಾಪಸ್ ಹೋಗಿ. ಆಡುತ್ತಾ ಆಡುತ್ತಾ ಬೆರಳು ಯಾವುದನ್ನು ಹುಡುಕುತ್ತದೆ ಅಂತ ನೋಡಿ. ಅಲ್ಲಿ ಇಲ್ಲದ ಯಾವುದನ್ನು ಒತ್ತಲು ಹೋಗುತ್ತದೋ ಅದೇ ಸೀಕ್ವೆಲ್ ನಿಮಗೆ ಕೊಟ್ಟ ಹೊಸದು. ಬೆರಳು ಏನನ್ನೂ ಹುಡುಕದೆ ಆರಾಮಾಗಿ ಕೂತರೆ, ಏನೂ ಕೊಟ್ಟಿಲ್ಲ. ನಾನು 6 ಆಡಿ 5ಕ್ಕೆ ಹೋದೆ. ಎದುರಾಳಿ ಒಂದೇ ಸಮನೆ ಬಟನ್ ಒತ್ತುತ್ತಾ ಮೈಮೇಲೆ ಬರುತ್ತಿದ್ದ. ಡ್ರೈವ್ ಇಂಪ್ಯಾಕ್ಟ್ ಹಾಕಿ ಬುದ್ಧಿ ಕಲಿಸೋಣ ಅಂತ ಹೆವಿ ಪಂಚ್, ಹೆವಿ ಕಿಕ್ ಒಟ್ಟಿಗೆ ಒತ್ತಿದೆ. 5ರಲ್ಲಿ ಆ ಎರಡು ಬಟನ್ ಒತ್ತಿದರೆ ಬರುವುದು ವಿ-ಟ್ರಿಗರ್. ಅದರ ಗೇಜ್ ತುಂಬಿರಲಿಲ್ಲ. ಮುಖದ ಮೇಲೆ ಬಿದ್ದ ಏಟು ತಿಂದುಕೊಂಡು ನಗುತ್ತಾ ಹಾಳೆಯಲ್ಲಿ 6ರ ಮುಂದೆ ಒಂದು ಗೆರೆ ಜಾಸ್ತಿ ಹಾಕಿದೆ.